ಅಂಜಮ್ಮನ ಅರ್ಜಿ

ಶನಿವಾರ, 4 ಫೆಬ್ರುವರಿ 1984
ಮತ್ತೆ ಅದೇ ಏಳರ ಬಸ್ಸು, ಚನ್ನಗಿರಿವರೆಗೆ ನಿಂತೇ ಬಂದದ್ದು. ದಾವಣಗೆರೆಯ ನಮ್ಮ ಲಾ ಕಾಲೇಜಿನವರ ಉಚಿತ ಕಾನೂನು ಸಲಹೆ, ಇಲ್ಲಿ ಪ್ರತಿ ಶನಿವಾರ. ಫೈನಲ್ ಇಯರ್‌ನವರು ಕೇಳಿ ಬರೆಯಬೇಕು, ಕೊಟ್ರಬಸಪ್ಪ ಸರ್ ತಿದ್ದುತ್ತಾರೆ.

ಇವತ್ತು ನನ್ನ ಮೊದಲ ಕೇಸು! ಕತ್ತಲಗೆರೆಯ ಅಂಜಮ್ಮ. ಸವಳಂಗದ ಗಂಡ ತಿಪ್ಪೇಶಪ್ಪ ತವರಿಗೆ ಅಟ್ಟಿ ಒಂದು ವರ್ಷ. ಎಲ್ಲ ಹೇಳಿದ್ದು ಸೋದರಮಾವ ಉಚ್ಚಂಗೆಪ್ಪ. ಆಕೆ ಬಾಗಿಲ ಬಳಿ ನಿಂತಿದ್ದರು. ನಮ್ಮ ಕಡೆ ಹಾಗೇ — ವ್ಯಾಜ್ಯ ಹೆಣ್ಣಿನದಾದರೂ ಮಾತು ಹಿರಿಯರದು. ನನಗೇನೂ ವಿಚಿತ್ರ ಅನಿಸಲಿಲ್ಲ.

"ಜೀವನಾಂಶಕ್ಕೆ ಹಾಕ್ರಿ. ಬಿಡಬಾರ್ದು ಅವನ್ನ," ಎಂದರು ಉಚ್ಚಂಗೆಪ್ಪ.

ಭಾನುವಾರ, 5
ಜೀವನಾಂಶದ ಅರ್ಜಿಯ ಫೇರ್ ಕಾಪಿ ಆಯಿತು. ನಾಲ್ಕು ಪುಟ. "ಅಬಲೆಯಾದ ಅರ್ಜಿದಾರಳು ಕಣ್ಣೀರಿನಲ್ಲಿ ಕೈ ತೊಳೆಯುತ್ತಾ..." ಓದಿಕೊಂಡರೆ ನನಗೇ ಅಳು ಬಂತು. ಸರ್ ಬೆನ್ನು ತಟ್ಟುವುದು ಗ್ಯಾರಂಟಿ.

ಶನಿವಾರ, 11
ಮಾನ ಹೋಯಿತು.

ಸರ್ ಅರ್ಜಿ ಮುಟ್ಟಲೂ ಇಲ್ಲ. "ಪಂಚಾಕ್ಷರಪ್ಪ, ರುಜು ಹಾಕೋರಿಗೆ ಮೊದ್ಲು ಓದಿ ಹೇಳು." ಓದಿದೆ. ಕಣ್ಣೀರಿನ ಸಾಲು ಬಂದ ಕೂಡಲೇ ಅಂಜಮ್ಮ ತಲೆ ಎತ್ತಿದರು.

"ನಾನ್ಯಾವಾಗ ಅತ್ತಿದ್ದೀನ್ರಿ?"

ಉಚ್ಚಂಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಸರ್ ಅವರನ್ನು ಕಾಫಿಗೆ ಎಬ್ಬಿಸಿಕೊಂಡು ಹೋದರು. ಹೋಗುವಾಗ ನನ್ನ ಕಿವಿಯಲ್ಲಿ — "ನೀನೂ ಬಾಯಿ ಮುಚ್ಕೊಂಡು ಕೂತ್ಕೋ."

ಕೂತೆ. ಐದು ನಿಮಿಷ. ನನ್ನಂಥ ಬಾಯಿಬಡುಕನಿಗೆ ಜೀವ ಹೋದಂತಾಯಿತು. ಕೊನೆಗೆ ಆಕೆಯೇ ಶುರು ಮಾಡಿದರು.

"ನಂಗೆ ಆ ಮನಿ ರೊಕ್ಕ ಬ್ಯಾಡ್ರಿ. ನನ್ ಹೊಲಿಗೆ ಮಿಷನ್ ಅಲ್ಲೈತೆ. ಟ್ರೈನಿಂಗ್ ಮುಗ್ಸಿದಾಗ ಸರ್ಕಾರ ಕೊಟ್ಟಿದ್ದು. ಅದಿದ್ರೆ ನನ್ ಕೂಳು ನಾನು ದುಡ್ಕಂತೀನಿ. ಕೊಡ್ಸಾಕೆ ಆಗ್ತೈತಾ?"

ಚೀಲದಿಂದ ಮಡಚಿದ ಸರ್ಕಾರಿ ಕಾಗದ ತೆಗೆದರು. ಆಕೆಯದೇ ಹೆಸರು, ಮಿಷನ್ ನಂಬರ್ ಸಮೇತ! ಹೋದ ವಾರವೂ ಚೀಲದಲ್ಲೇ ಇತ್ತಂತೆ. ನಾನು ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

ಮಿಷನ್ ವಾಪಸ್ ಕೊಡಬೇಕೆಂದು ತಿಪ್ಪೇಶಪ್ಪನಿಗೆ ಆರೇ ಸಾಲಿನ ನೋಟಿಸು ಬರೆದೆ. ಸರ್ ಒಂದು ಪದವನ್ನೂ ಹೊಡೆದುಹಾಕದೆ ರುಜು ಹಾಕಿದರು. ರಿಜಿಸ್ಟರ್ ಪೋಸ್ಟ್ ಮಾಡಿದ್ದಾಯಿತು.

ಶನಿವಾರ, 3 ಮಾರ್ಚ್
ಬಂತು!! ತಿಪ್ಪೇಶಪ್ಪನ ತಮ್ಮ ಬಸ್ಸಿನ ಟಾಪ್ ಮೇಲೆ ಮಿಷನ್ ಹಾಕಿಕೊಂಡು ಬಂದು, ಮುಖ ಗಂಟಿಕ್ಕಿಕೊಂಡೇ ಇಳಿಸಿ ಹೋದ. ನಂಬರ್ ಮೂರು ಸಲ ತಾಳೆ ನೋಡಿದೆ. ಅಂಜಮ್ಮ ಚಕ್ರ ತಿರುಗಿಸಿದರು — ಬೆಲ್ಟ್ ಸಡಿಲ, ಉಳಿದದ್ದು ಸರಿ. ರ‍್ಯಾಂಕ್ ಬಂದರೂ ನನಗೆ ಇಷ್ಟು ಖುಷಿಯಾಗದು.

"ನಡಿಯವ್ವ, ಹೊಂಡಾನ," ಎಂದರು ಉಚ್ಚಂಗೆಪ್ಪ.

"ನೀವು ಹೊರಗೆ ಕುಂದ್ರಿ ಮಾವ. ನಂದು ಇನ್ನೂ ಮಾತೈತೆ."

ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ನಾನು ಪೆನ್ನಿನ ಮುಚ್ಚಳ ತೆಗೆದೆ.

"ಆ ಮನ್ಯಾಗೆ ನಂದು ಅನ್ನೋದು ಇನ್ನೂ ಏನೇನೈತೆ ಹೇಳ್ತೀನಿ, ಬರ್ಕಳ್ರಿ," ಎಂದರು.

ಹೊಸ ಹಾಳೆ ತೆಗೆದೆ. ಮೊದಲನೆಯದು —