ಅಳಿವೆಯಲ್ಲಿ ತಿರುಗಿದ ದೋಣಿ

ಅಪ್ಪಯ್ಯ,

ದೋಣಿ ನಡೆಸಲು ಕಲಿಸುವ ಕಂಪ್ಯೂಟರ್ ಕಡಲು ಕೊನೆಗೂ ಮುಗಿಯಿತು. ಗಂಗೊಳ್ಳಿ ಅಳಿವೆಯ ಅಲೆ, ಗಾಳಿ, ಮರಳ ದಿಬ್ಬ ಎಲ್ಲವನ್ನೂ ಪರದೆಗೆ ತಂದು ತಂದು ಸಾಕಾಗಿದೆ. ಇವತ್ತು ಪರೀಕ್ಷೆಗೆಂದು ನಿಮ್ಮ ದೋಣಿಯ ತಿಮ್ಮಣ್ಣನನ್ನೇ ಹೆಮ್ಮಾಡಿಯ ಆಫೀಸಿಗೆ ಕರೆಸಿದ್ದೆ. ಅಂದು ಇದೇ ಅಳಿವೆಯಲ್ಲಿ ನೀವು ನೀರಿಗೆ ಬಿದ್ದಾಗ ಉಳಿದವರನ್ನು ದಡ ಸೇರಿಸಿದವನು ಅವನು. ತಿರುಗಿ ಹೋಗಿ ನಿಮ್ಮನ್ನು ಹುಡುಕಲಿಲ್ಲವೆಂದು ಅಮ್ಮ ಇಂದಿಗೂ ಅವನೊಡನೆ ಮಾತಾಡುವುದಿಲ್ಲ.

ಹೆಡ್‌ಸೆಟ್ ಹಾಕಿಕೊಂಡು ಅಳಿವೆ ಸಲೀಸಾಗಿ ದಾಟಿದ. ದಡ ಹತ್ತಿರವಾದಾಗ ದೋಣಿ ತಿರುಗಿಸಿ ಮತ್ತೆ ಅಲೆಯೊಳಗೆ ನುಗ್ಗಿಸಿದ.

“ಹ್ವಾಯ್ ತಿಮ್ಮಣ್ಣ, ಎಲ್ಲಿಗ್ ಹೋಪುದ್?” ಎಂದೆ.

“ಒಂದ್ಸಲ ಕಂಡ್ಕಂಡ್ ಬತ್ತೆ, ಮಗಾ.”

ಅಲ್ಲಿ ನೀರು ಬಿಟ್ಟು ನಾನು ಏನನ್ನೂ ಮಾಡಿಟ್ಟಿರಲಿಲ್ಲ. ಕರೆಂಟು ಹೋಗುವವರೆಗೂ ಅವನು ಹುಡುಕಿದ. ನಾನೂ ಪರದೆ ಬಿಟ್ಟು ಕದಲಲಿಲ್ಲ.