ಹದಿನಾಲ್ಕು ಮಂದಿಯ ಪಟ್ಟಿ

ನವೆಂಬರ್ ೩, ಸೋಮವಾರ

ಮೂರನೇ ಕಪಾಟೂ ಮುಗಿಯಿತು. ಲೆಸನ್ ಪ್ಲಾನ್‌ಗಳಿಗೆಲ್ಲ ಹೊಸ ರಟ್ಟು, ತಾರೀಖಿನ ಚೀಟಿ. ಐದು ವರ್ಷದ ಧೂಳು. ಸೀನಿ ಸೀನಿ ಸಾಕಾಯಿತು. ಇಂಗ್ಲಿಷ್ ವಿಭಾಗಕ್ಕೆ ನಾನು ಮುಖ್ಯಸ್ಥೆ. ವಿಭಾಗ ಎಂದರೆ ನಾನು, ವ್ಯಾಕರಣ ಮೇಷ್ಟ್ರು — ಅಷ್ಟೇ. ಇನ್‌ಸ್ಪೆಕ್ಷನ್‌ಗೆ ಇನ್ನು ಒಂಬತ್ತು ದಿನ.

ಹೆಡ್‌ಮೇಡಂ ಕರೆದರು. "ಏಳನೇ ಕ್ಲಾಸಲ್ಲಿ ಇಂಗ್ಲಿಷ್ ಓದೋಕೆ ಬರದೇ ಇರೋರು ಎಷ್ಟು ಜನ?"

"ಹದಿನಾಲ್ಕು."

"ಅವತ್ತು ಅವರನ್ನ ಹಿಂದಿನ ಸ್ಟೋರ್ ರೂಮಿಗೆ ಕಳಿಸ್ಬಿಡಿ. ಹೋದ ಸಲದ ರಿಪೋರ್ಟು ನೆನಪಿದೆಯಲ್ಲ? ಮತ್ತೆ ಹಾಗಾದ್ರೆ ವಿಭಾಗ ನಿಮ್ಮ ಕೈಲಿರಲ್ಲ."

ಹೂಂ ಎಂದೆ. ಎಷ್ಟು ಸಲೀಸಾಗಿ ಎಂದುಬಿಟ್ಟೆ!

ನವೆಂಬರ್ ೪

ಪಟ್ಟಿ ಬರೆದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಮೇಡಂ, ನನ್ನ ಹೆಸರೂ ಸೇರಿಸಿ. ಹದಿನೈದನೇದು."

ತಮಾಷೆ ಎಂದುಕೊಂಡೆ. ಅಲ್ಲ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ್ದಾರೆ, ಎಲ್ಲವನ್ನೂ ನಮ್ಮ ಮಾತಿನಲ್ಲೇ. ಅಧಿಕಾರಿಯ ಎದುರು ಇಂಗ್ಲಿಷ್ ಮಾತಾಡಬೇಕೆಂದರೆ ನಾಲಗೆ ಒಣಗುತ್ತದಂತೆ.

"ವ್ಯಾಕರಣ ಗೊತ್ತು, ಮಾತು ಬರಲ್ಲ. ಮಕ್ಕಳ ಜೊತೆ ನಾನೂ ಅಲ್ಲೇ ಬಚ್ಚಿಟ್ಕೋತೀನಿ."

ನಕ್ಕರು. ನನಗೆ ನಗು ಬರಲಿಲ್ಲ.

ನವೆಂಬರ್ ೭

ಇನ್‌ಸ್ಪೆಕ್ಷನ್ ದಿನ ಹೇಗೂ ಅಲ್ಲಿ ಕೂರಬೇಕು, ಈಗಿನಿಂದಲೇ ಕೂರುತ್ತೇವೆ ಎಂದು ಮೇಷ್ಟ್ರು ಕೊನೆಯ ಪೀರಿಯಡ್‌ಗೆ ಹದಿನಾಲ್ಕೂ ಮಂದಿಯನ್ನು ಸ್ಟೋರ್ ರೂಮಿಗೆ ಕರೆದೊಯ್ಯುತ್ತಿದ್ದಾರೆ. ಮುರುಕು ಬೆಂಚು, ಜೇಡರ ಬಲೆ. ಪಠ್ಯಪುಸ್ತಕ ಇಲ್ಲ. ಸೋಪಿನ ಹೊದಿಕೆ, ಬಸ್ ಟಿಕೆಟ್, ಔಷಧಿ ಡಬ್ಬಿ... ಮಕ್ಕಳೇ ಮನೆಯಿಂದ ತಂದದ್ದು. ಕಿಟಕಿಯಲ್ಲಿ ನಿಂತು ನೋಡಿದೆ. ಅವುಗಳ ಮೇಲಿನ ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದರು. ಬೆಲ್ ಆದರೂ ಯಾರೂ ಏಳಲಿಲ್ಲ!

ನವೆಂಬರ್ ೧೦, ಬೆಳಿಗ್ಗೆ ೮

ಫೈಲಿನಲ್ಲಿ 'ಓದಲು ಬಾರದವರು' ಎಂಬ ಕಲಂ. ಹೆಡ್‌ಮೇಡಂ ಪೆನ್ಸಿಲ್‌ನಲ್ಲಿ ಸೊನ್ನೆ ಹಾಕಿ ಕಳಿಸಿದ್ದಾರೆ. ಅಳಿಸಿದೆ. ಪೆನ್ನಿನಲ್ಲಿ ೧೪ ಎಂದು ಬರೆದೆ. ಕೆಳಗೆ ಮೇಷ್ಟ್ರ ಕ್ಲಾಸಿನ ವಿವರ. ಹೆಡ್‌ಮೇಡಂಗೆ ನಾನೇ ಹೋಗಿ ತಿಳಿಸಿದೆ.

"ಬಂದದ್ದನ್ನ ನೀವೇ ಅನುಭವಿಸಿ," ಎಂದರು.

ಸಂಜೆ

ಮನೆಯವರಿಗೆ ಹೇಳಿದೆ. "ಎತ್ತಂಗಡಿ ಮಾಡಿದ್ರೆ ಗಂಟುಮೂಟೆ ಹೊತ್ಕೊಂಡು ನಾನೂ ಬರ್ತೀನಿ ಬಿಡು." ಮನಸ್ಸು ಹಗುರಾಯಿತು.

ನವೆಂಬರ್ ೧೨, ಸಂಜೆ

ಅಧಿಕಾರಿ ಹೆಂಗಸು. ನನಗಿಂತ ಚಿಕ್ಕವರು. ಫೈಲು ತಿರುವುತ್ತಾ ಬೆರಳು ೧೪ರ ಮೇಲೆ ನಿಂತಿತು.

"ಇವರೆಲ್ಲ ಎಲ್ಲಿ?"

ಹೆಡ್‌ಮೇಡಂ ನನ್ನತ್ತ ನೋಡಿದರು. "ಬನ್ನಿ, ತೋರಿಸ್ತೀನಿ," ಎಂದೆ.

ನಮ್ಮನ್ನು ಕಂಡು ಮೇಷ್ಟ್ರು ಎದ್ದು ನಿಂತರು. "ಗುಡ್... ಗುಡ್..." ಬೆಳಿಗ್ಗೆಯೋ ಮಧ್ಯಾಹ್ನವೋ ಮರೆತೇ ಹೋಯಿತು, ಪಾಪ. ಆಗ ಎರಡು ಜಡೆಯ ಹುಡುಗಿ — ಜೂನ್‌ನಿಂದ ಕ್ಲಾಸಿನಲ್ಲಿ ಬಾಯಿ ಬಿಡದವಳು — ಸಿರಪ್ ಡಬ್ಬಿ ಎತ್ತಿ ಹಿಡಿದು ಓದಿದಳು.

"ಶೇಕ್... ವೆಲ್... ಬಿಫೋರ್... ಯೂಸ್."

"ಹಾಗಂದ್ರೆ?" ಅಧಿಕಾರಿ ಕೇಳಿದರು.

"ಚೆನ್ನಾಗಿ ಅಲ್ಲಾಡಿಸ್ಬೇಕು. ನಮ್ಮಜ್ಜಿ ಸುಮ್ನೆ ಹಾಗೇ ಕುಡೀತಿದ್ರು. ಈಗ ನಾನೇ ಅಲ್ಲಾಡಿಸಿ ಕೊಡ್ತೀನಿ."

ಅಧಿಕಾರಿ ಮುರುಕು ಬೆಂಚಿನ ತುದಿಯಲ್ಲಿ ಕೂತರು. "ಸರ್, ಪಾಠ ಮುಂದುವರಿಸಿ. ನಿಮಗೆ ಹೇಗೆ ಬರುತ್ತೋ ಹಾಗೆ."

ಮೇಷ್ಟ್ರು ಶುರುಮಾಡಿದರು. ನಲವತ್ತು ನಿಮಿಷ! ಅಧಿಕಾರಿ ಮೇಲೇಳಲಿಲ್ಲ. ಹೊರಡುವಾಗ ನನಗೆ ಹೇಳಿದರು: "ಎಲ್ಲಾ ಕಡೆ ಸೊನ್ನೆ ನೋಡಿ ಸಾಕಾಗಿತ್ತು. ಮಾರ್ಚಿಗೆ ಮತ್ತೆ ಬರ್ತೀನಿ. ಈ ಹದಿನಾಲ್ಕು ಎಷ್ಟಕ್ಕಿಳಿದಿರುತ್ತೆ ನೋಡೋಣ."

ಹೊಗಳಿಕೆಯೋ ಎಚ್ಚರಿಕೆಯೋ... ಎರಡೂ ಇರಬಹುದು. ಹೆಡ್‌ಮೇಡಂ ಸ್ಟೋರ್ ರೂಮಿಗೆ ಟ್ಯೂಬ್‌ಲೈಟ್ ಹಾಕಿಸಲು ಚೀಟಿ ಕಳಿಸಿದರು. ಸಾಕು.

ನವೆಂಬರ್ ೧೭, ಮಧ್ಯಾಹ್ನ ೩.೧೦

ಸ್ಟೋರ್ ರೂಮಿನಲ್ಲಿ ಇಂದು ಹದಿನಾರು ಮಂದಿ. ಹೆಚ್ಚಿನ ಇಬ್ಬರು ಚೆನ್ನಾಗಿ ಓದುವವರೇ. ಸುಮ್ಮನೆ ಬಂದು ಕೂತಿದ್ದಾರೆ. ಮೇಷ್ಟ್ರು ದಿನಕ್ಕೊಂದು ವಾಕ್ಯ ನನ್ನೊಡನೆ ಇಂಗ್ಲಿಷಿನಲ್ಲಿ ಆಡುತ್ತಾರಂತೆ. ಇವತ್ತಿನದು ತಪ್ಪಿತ್ತು — ಅದೂ ವ್ಯಾಕರಣದಲ್ಲಿ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎಂಟನೇ ಕ್ಲಾಸಿಗೆ ನಾನೂ ಹೀಗೇ ಏನಾದರೂ... ಬಾಗಿಲಲ್ಲಿ ಎರಡು ಜಡೆ. ಕೈಯಲ್ಲಿ ಉದ್ದದ ಕಾಗದ, ಇಂಗ್ಲಿಷಿನಲ್ಲಿ ತಾನೇ ಬರೆದದ್ದು. ಓದಿ ತೋರಿಸಬೇಕಂತೆ, ಈಗಲೇ —