ನನ್ನ ಭುಜದ ಮೇಲೆ ತಮಗೆ ಬಂದ ಕರುಣೆಯ ಕುರಿತು

ಮನೆಬಾಗಿಲ ಪಾಠ ಯೋಜನೆಯ ಜಿಲ್ಲಾ ಮುಖ್ಯಾಧಿಕಾರಿಗಳಿಗೆ,
ಮಂಡ್ಯ.

ಸಿಬ್ಬಂದಿಯ ಭುಜನೋವು ಇದ್ದಕ್ಕಿದ್ದಂತೆ ಕಣ್ಣಿಗೆ ಬಿದ್ದಿರುವ ಮಾನ್ಯರೇ,

ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ನಮ್ಮಂಥ ಟೀಚರುಗಳಿಗೆ ಕೊಟ್ಟಿದ್ದ ಹದಿನೇಳು ಇಂಚಿನ ಲ್ಯಾಪ್‌ಟಾಪುಗಳನ್ನು ಬರುವ ಸೋಮವಾರದೊಳಗೆ ಮಂಡ್ಯದ ಕಚೇರಿಗೆ ತಂದೊಪ್ಪಿಸಬೇಕೆಂದು ತಾವು ಸುತ್ತೋಲೆ ಹೊರಡಿಸಿದ್ದೀರಿ. ಕಾರಣ ಒಂದೇ ಸಾಲಿನದು: ‘ಸದರಿ ಉಪಕರಣವು ಹೊತ್ತು ತಿರುಗಲು ತೀರಾ ದೊಡ್ಡದಾಗಿರುವುದಾಗಿ ಕ್ಷೇತ್ರ ಸಿಬ್ಬಂದಿಯಿಂದ ತಿಳಿದುಬಂದಿದೆ.’ ಬದಲಿಗೆ ಅಂಗೈಯಗಲದ ಟ್ಯಾಬು ಕೊಡುತ್ತೀರಂತೆ. ನನ್ನ ಲ್ಯಾಪ್‌ಟಾಪನ್ನು ನಾನು ವಾಪಸು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲವೆಂದು ಮನವಿಯಲ್ಲಿ ಬರೆದು ಕಳಿಸಿದೆ. ಆಮೇಲೆ ಖುದ್ದಾಗಿ ಬಂದೂ ಕೊಟ್ಟೆ. ಉತ್ತರ ಬರಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಅನುಮಾನ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಆಳಿಗೊಂದು ಕೊಡೆ ಕೊಡಿಸಿ ಎಂದು ನಾವು ಕೇಳಿದಾಗ ನಿಯಮದಲ್ಲಿ ಅವಕಾಶವಿಲ್ಲ ಎಂದ ಕಚೇರಿ ತಮ್ಮದು. ಪಾಠಕ್ಕೆ ಹೋದಲ್ಲಿ ನಾಯಿ ಕಚ್ಚಿ ರಜೆ ಕೇಳಿದ ಟೀಚರಿಗೆ, ನಾಯಿ ಸಾಕಿದ್ದೋ ಬೀದಿಯದೋ ಎಂದು ಸ್ಪಷ್ಟೀಕರಣ ಕೇಳಿದ ಕಚೇರಿಯೂ ಅದೇ. ಅಂಥ ಕಚೇರಿಗೆ ಈಗ ನಮ್ಮ ಭುಜ ನೋಯುವುದು ಕಾಣಿಸಿದೆ, ಅದನ್ನು ನೋಡಿ ಮರುಕ ಹುಟ್ಟಿದೆ ಎಂದರೆ ಯಾರು ನಂಬಬೇಕು? ಹೋದ ವರ್ಷ ಇವೇ ಲ್ಯಾಪ್‌ಟಾಪು ಹಂಚುವಾಗ ತಾವು ವೇದಿಕೆಯ ಮೇಲಿದ್ದಿರಿ. ಪರದೆ ದೊಡ್ಡದಾದಷ್ಟೂ ಮಗುವಿನ ಪ್ರಪಂಚ ದೊಡ್ಡದಾಗುತ್ತದೆ ಎಂದಿರಿ. ನಾನು ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ, ಮನಸಾರೆ ತಟ್ಟಿದೆ. ಆಗ ಸರಿಯಾಗಿದ್ದದ್ದು ಈಗ ತೀರಾ ದೊಡ್ಡದು ಹೇಗಾಯಿತು? ಕೊತ್ತತ್ತಿ ಗದ್ದೆಯ ಕಬ್ಬಾಗಿದ್ದರೆ ವರ್ಷದಲ್ಲಿ ಬೆಳೆದುಕೊಂಡಿತು ಅನ್ನಬಹುದಿತ್ತು. ಇದು ನನ್ನ ಕೈಗೆ ಬಂದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ.

ಈ ಲ್ಯಾಪ್‌ಟಾಪು ಯಾರ ಹತ್ತಿರ ಹೋಗುತ್ತದೆ ಎಂಬುದು ತಮ್ಮ ಸುತ್ತೋಲೆಯಲ್ಲಿಲ್ಲ. ಕೊಪ್ಪದಲ್ಲಿ ಗಗನ ಎಂಬ ಹುಡುಗಿ ಇದ್ದಾಳೆ, ಒಂಬತ್ತು ವರ್ಷ. ಕಾಲಿನಲ್ಲಿ ಬಲವಿಲ್ಲ, ಕಣ್ಣು ಹುಟ್ಟಿನಿಂದ ಮಂದ. ಪೂರ್ತಿ ಕಾಣಿಸುವುದಿಲ್ಲ ಎಂದಲ್ಲ, ಆದರೆ ಯಾವ ಕನ್ನಡಕವೂ ಆ ಕಣ್ಣಿಗೆ ಸಾಕಾಗಿಲ್ಲ. ಅಪ್ಪ ಅಮ್ಮ ಗದ್ದೆಗೆ ಹೋದ ಮೇಲೆ ಅಜ್ಜಿ ಚಲುವಮ್ಮನ ಜೊತೆ ಜಗಲಿಯ ಮೇಲೆ ಕೂತಿರುತ್ತಾಳೆ. ಪುಸ್ತಕದ ಅಕ್ಷರಗಳು ಅವಳಿಗೆ ಕಾಗದದ ಮೇಲಿನ ಕೊಳೆಯ ಹಾಗೆ ಕಾಣುತ್ತಿದ್ದವು. ಹೆಬ್ಬೆರಳುದ್ದ ಮಾಡಿದರೆ ಮಾತ್ರ ಅಕ್ಷರ ಅಕ್ಷರವಾಗಿ ಕಾಣುತ್ತದೆ. ಹದಿನೇಳು ಇಂಚಿನಲ್ಲಿ ಆ ಅಳತೆಯ ಒಂದು ಇಡೀ ವಾಕ್ಯ ಹಿಡಿಸುತ್ತದೆ. ಅವಳು ಮೊದಲ ಸಲ ಪೂರ್ತಿ ವಾಕ್ಯ ಓದಿದ್ದು ಅದರಲ್ಲೇ: ‘ನಮ್ಮ ಎಮ್ಮೆ ಹಾಲು ಕೊಡುತ್ತದೆ.’ ಓದಿ ಮುಗಿಸಿ ಪರದೆಗೆ ಮೂಗು ತಾಗಿಸಿಕೊಂಡೇ, ಸಿಟ್ಟಿನಿಂದ, “ಇದು ಸುಳ್ಳು ಮಿಸ್. ನಮ್ಮೆಮ್ಮೆ ಈಗ ಗಬ್ಬ, ಆಲು ಕೊಡಾಕಿಲ್ಲ,” ಅಂದಳು. ಬರೆದಿರುವುದೆಲ್ಲ ನಿಜವಾಗಿರಬೇಕಿಲ್ಲ ಎಂದು ಓದಲು ಕಲಿತ ದಿನವೇ ಕಂಡುಕೊಂಡ ಹುಡುಗಿ ಅವಳು. ಆವತ್ತು ನನಗಾದ ಖುಷಿಯನ್ನು ಯಾವ ನಮೂನೆಯಲ್ಲಿ ಭರ್ತಿ ಮಾಡಬೇಕೋ ಗೊತ್ತಾಗಲಿಲ್ಲ.

ತಮ್ಮ ಟ್ಯಾಬನ್ನೂ ಅವಳ ಮುಂದೆ ಇಟ್ಟು ನೋಡಿದೆ. ಮದ್ದೂರಿನ ಇನ್ನೊಬ್ಬ ಟೀಚರಿಗೆ ಆಗಲೇ ಬಂದಿತ್ತು, ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೆ. ಅಕ್ಷರವನ್ನು ಹೆಬ್ಬೆರಳುದ್ದ ಮಾಡಿದರೆ ಅದರಲ್ಲಿ ಎರಡು ಅಕ್ಷರ ಹಿಡಿಸಿದರೆ ಹೆಚ್ಚು. ಮುಂದಿನದು ಬೇಕೆಂದರೆ ಸರಿಸಬೇಕು, ಸರಿಸಿದರೆ ಹಿಂದಿನದು ಮಾಯ. ಗಗನ ಸ್ವಲ್ಪ ಹೊತ್ತು ಕಷ್ಟಪಟ್ಟಳು, ಆಮೇಲೆ ಅದನ್ನು ನನ್ನ ಕಡೆ ತಳ್ಳಿದಳು. “ಇದ್ರಲ್ಲಿ ಅಕ್ಸರ ಬತ್ತವೆ, ಒಂಟೋಯ್ತವೆ ಮಿಸ್. ನಿಂತ್ಕಳಕಿಲ್ಲ,” ಅಂದಳು. ಒಂದು ವರ್ಷ ಕೂತು ಕಲಿತದ್ದನ್ನು ಆ ಟ್ಯಾಬು ಅವಳ ಕಣ್ಣೆದುರಿಗೇ ಕಿತ್ತುಕೊಂಡಿತು. ಸೋಮವಾರ ತಾವು ಕೇಳುತ್ತಿರುವುದು ಯಂತ್ರವನ್ನಲ್ಲ, ಆ ಮಗುವಿನ ಓದನ್ನೇ ವಾಪಸು ಕೇಳುತ್ತಿದ್ದೀರಿ.

ಲ್ಯಾಪ್‌ಟಾಪು ದೊಡ್ಡದು ಹೌದೋ ಅಲ್ಲವೋ ಎಂದರೆ, ಹೌದು, ದೊಡ್ಡದೇ. ನಾನು ಸುಳ್ಳು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬ್ಯಾಗಿಗೆ ಅದು ಇಳಿಯುವುದಿಲ್ಲ. ತಾವು ಕೊಟ್ಟ ಬ್ಯಾಗಿನ ಪಟ್ಟಿ ಎರಡೇ ತಿಂಗಳಿಗೆ ಕಿತ್ತುಬಂತು. ಈಗಿರುವುದು ಮದ್ದೂರಿನ ಪೇಟೆಯಲ್ಲಿ ಟಾರ್ಪಾಲು ಹೊಲಿಯುವವನಿಂದ ಹೊಲಿಸಿದ್ದು. ಚಾರ್ಜರು ಬೇರೆ ಇಟ್ಟಿಗೆಯ ಹಾಗಿದೆ. ಸಂಜೆ ಮನೆಗೆ ಬಂದು ರವಿಕೆ ಬಿಚ್ಚಿದರೆ ಬಲಭುಜದ ಮೇಲೆ ಪಟ್ಟಿಯ ಗೆರೆ ಎದ್ದಿರುತ್ತದೆ, ನಮ್ಮ ಯಜಮಾನರು ಎಣ್ಣೆ ತಿಕ್ಕುವಾಗ ಮಂಡ್ಯದ ತಮ್ಮ ಕಚೇರಿಯನ್ನು ನೆನೆಸಿಕೊಳ್ಳುತ್ತಾರೆ, ಯಾವ ಮಾತಿನಿಂದ ಎಂದು ಇಲ್ಲಿ ಬರೆಯಲಾರೆ. ಆದರೆ ಇದೇ ದಾರಿಯಲ್ಲಿ ಚಲುವಮ್ಮನಂಥ ಹೆಂಗಸರು ಹುಲ್ಲಿನ ಹೊರೆ ಹೊತ್ತು ಬರುತ್ತಾರೆ. ಹೊರೆ ದೊಡ್ಡದಾಯಿತು, ದನಕ್ಕೆ ನಾಳೆಯಿಂದ ಒಂದು ಹಿಡಿ ಸಾಕು ಎಂದು ಯಾರೂ ಸುತ್ತೋಲೆ ಕಳಿಸುವುದಿಲ್ಲ. ಹೊರೆಯನ್ನು ಅಳೆಯುವುದು ತಿನ್ನುವ ಬಾಯಿ ನೋಡಿ, ಹೊರುವ ತಲೆ ನೋಡಿ ಅಲ್ಲ.

ಇನ್ನು ಹೊರುವವಳು ನಾನೊಬ್ಬಳೇ ಎಂದು ತಿಳಿದಿದ್ದರೆ ತಾವು ಈಚೆಗೆ ಬಸ್ಸು ಹತ್ತಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಒಂದು ಪದ್ಧತಿ ಇದೆ, ಕಾರು ಬಂದ ಮೇಲೆ ಮರೆತಿರಬಹುದು. ನಿಂತವರ ಚೀಲ ಕೂತವರ ತೊಡೆಯ ಮೇಲೆ. ಕೇಳುವಂತಿಲ್ಲ, ಬೇಡ ಅನ್ನುವಂತಿಲ್ಲ. ಸೊಪ್ಪಿನ ಗಂಟೋ, ಕೈಮಗುವೋ, ಮದುವೆ ಸೀರೆಯ ಕವರೋ, ಕೊಟ್ಟದ್ದನ್ನು ಹಿಡಿದುಕೊಂಡು ಕೂರಬೇಕು. ನನ್ನ ಲ್ಯಾಪ್‌ಟಾಪು ಒಂದು ವರ್ಷ ಹೀಗೇ ಮದ್ದೂರು ತಾಲ್ಲೂಕಿನ ತೊಡೆಗಳ ಮೇಲೆ ಕೂತು ಕೊಪ್ಪಕ್ಕೆ ಹೋಗಿ ಬಂದಿದೆ. ಕಾಣದ ಮಗಿಗೆ ಓದಿಸಕ್ಕೆ ಎಂದು ಗೊತ್ತಾದ ಮೇಲಂತೂ ಜನ ಅದನ್ನು ತಮ್ಮದೇ ಸಾಮಾನಿನ ಹಾಗೆ ತಬ್ಬಿಕೊಂಡು ಕೂರುತ್ತಾರೆ.

ಅದಕ್ಕೆ ಏಟು ಬಿದ್ದದ್ದೂ ಪ್ರೀತಿಯಿಂದಲೇ. ದಿನಾ ಅದೇ ಬಸ್ಸಿಗೆ ಬರುವ ಚಿಕ್ಕಬೋರಯ್ಯ ಎಂಬ ಹಿರಿಯರಿದ್ದಾರೆ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದರಲ್ಲಿ ಮದ್ದೂರು ನಿಲ್ದಾಣದಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ಸಂತೆಯ ದಿನ ನೂಕುನುಗ್ಗಲಲ್ಲಿ ನನ್ನನ್ನು ಕಂಡು, “ಕೊಡವ್ವ ಇತ್ಲಾಗಿ, ನಿನ್ಗೂ ಒಂದ್ ಸೀಟ್ ಇಡೀತೀನಿ,” ಎಂದು ನನ್ನ ಭುಜದಿಂದ ಚೀಲ ಎಳೆದುಕೊಂಡವರೇ ಕಿಟಕಿಗೆ ತೂರಿಸಿದರು. ಚೀಲ ಅಗಲವಾದ್ದರಿಂದ ಕಿಟಕಿಯ ಸರಳಿಗೆ ಅಡ್ಡ ಸಿಕ್ಕಿಕೊಂಡಿತು. ಅವರು ಬಿಡಲಿಲ್ಲ, ಗುದ್ದಿ ಒಳಗೆ ಕೆಡವಿದರು. ಸೀಟು ಸಿಕ್ಕಿತು, ಲ್ಯಾಪ್‌ಟಾಪಿನ ಮೂಲೆ ಬಿರುಕು ಬಿಟ್ಟಿತು. ಒಳಗೆ ಬಟ್ಟೆ ಐತೆ ಅನ್ಕಂಡಿದ್ದೆ ಕಣವ್ವ ಎಂದು ಪಾಪ, ದಾರಿಯುದ್ದಕ್ಕೂ ಅದನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಬಂದರು. ಪರದೆಗೆ ಏನೂ ಆಗಿರಲಿಲ್ಲ, ಆವತ್ತೂ ಪಾಠ ನಡೆಯಿತು.

ಸರ್ಕಾರಿ ಸಾಮಾನಿಗೆ ಏಟಾದರೆ ವರದಿ ಕೊಡಬೇಕೆಂದು ನಿಯಮವಿದೆಯಲ್ಲ, ಕೊಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆದೆ, ಚೀಲ ಕಿಟಕಿಗೆ ದೊಡ್ಡದಾಯಿತು ಎಂದೂ ಬರೆದೆ. ಮಾನ್ಯರೇ, ‘ಕ್ಷೇತ್ರ ಸಿಬ್ಬಂದಿಯಿಂದ ತಿಳಿದುಬಂದಿದೆ’ ಎಂದು ತಾವು ಬರೆದಿದ್ದೀರಲ್ಲ, ಆ ಸಿಬ್ಬಂದಿ ನಾನೇ ಎಂದು ನನಗೆ ತಿಳಿದದ್ದು ಪೂರಿಗಾಲಿಯ ಕಡೆ ಪಾಠ ಮಾಡುವ ಸಿದ್ದೇಶ್ ಅವರು ಫೋನು ಮಾಡಿ ಬೈದಾಗ. ಅವರು ಲ್ಯಾಪ್‌ಟಾಪು ಒಪ್ಪಿಸಲು ಬಂದಾಗ ತಮ್ಮ ಕಚೇರಿಯವರೇ ನನ್ನ ವರದಿ ತೋರಿಸಿದರಂತೆ. “ಬಾರ ಅಂತ ನೀನೇ ಬರ್ಕೊಟ್ಟಿದ್ದೀಯಂತಲ್ಲಮ್ಮ. ನಮ್ ಸ್ವರೂಪಂಗೆ ನಾನೇನು ಏಳ್ಲಿ?” ಅಂದರು. ಸ್ವರೂಪ ಅವರ ಹತ್ತಿರ ಕಲಿಯುವ ಹುಡುಗ, ಅವನಿಗೂ ಗಗನಳ ಹಾಗೆಯೇ ದೊಡ್ಡ ಅಕ್ಷರ ಬೇಕು. ನಾನು ಬರೆದದ್ದು ಬಸ್ಸಿನ ಕಿಟಕಿಯ ಅಳತೆ. ಅದನ್ನು ನನ್ನ ಭುಜದ ಅಳತೆ ಮಾಡಿದವರು ಯಾರು? ನಿಜ ಬರೆದದ್ದಕ್ಕೆ ಜೊತೆಯವರ ಮುಂದೆ ನಾನು ತಲೆ ತಗ್ಗಿಸಬೇಕಾಯಿತು. ಆ ಅವಮಾನ ಇನ್ನೂ ಆರಿಲ್ಲ.

ಇದೆಲ್ಲ ತಿಳಿಯದೆ ಆದ ತಪ್ಪಿರಬಹುದು ಎಂದುಕೊಂಡೇ ಮನವಿ ಹಿಡಿದು ಮಂಡ್ಯಕ್ಕೆ ಬಂದಿದ್ದೆ. ತಾವು ಸಭೆಯಲ್ಲಿದ್ದೀರಿ ಎಂದರು. ಸಂಜೆಯವರೆಗೆ ಬೆಂಚಿನ ಮೇಲೆ ಕಾದೆ. ತಾವು ಯಾವ ಬಾಗಿಲಿನಿಂದ ಹೊರಟಿರೋ ಕಾಣೆ, ಆದರೆ ತಮ್ಮ ಕಾರಿಗೆ ಸಾಮಾನು ಇಡಲು ಅಟೆಂಡರು ಹೊರಗೆ ಬಂದರು. ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಒಂದು ದೊಡ್ಡ ಲ್ಯಾಪ್‌ಟಾಪು. ಅದರ ಬೆನ್ನಿನ ಮೇಲೆ ಕಾಸಗಲದ ಕೆಂಪು ಕಲೆ. ಆ ಕಲೆ ನನಗೆ ಗೊತ್ತು. ಆಯುಧಪೂಜೆಯ ದಿನ ಸ್ವರೂಪನ ಅಜ್ಜಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒತ್ತಿ ಇಟ್ಟದ್ದು, ಸಿದ್ದೇಶ್ ಎಷ್ಟು ಉಜ್ಜಿದರೂ ಹೋಗಿರಲಿಲ್ಲ, ತರಬೇತಿಯಲ್ಲಿ ನಾವೆಲ್ಲ ಅದನ್ನು ನೋಡಿ ನಕ್ಕಿದ್ದೆವು.

ಇದು ಎಲ್ಲಿಗೆ ಎಂದು ಕೇಳಿದೆ. ಸಂಜೆ ಸಾಹೇಬರ ಮನೆಗೆ ಹೋಗುತ್ತದೆ, ಬೆಳಿಗ್ಗೆ ಬರುತ್ತದೆ, ದಿನಾ ಇದೇ ಕೆಲಸ ಎಂದರು. ಹೊರುವುದಕ್ಕೆ ಭಾರ ಅಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ಇದೇನ್ ಬಾರ ಬುಡವ್ವ,” ಅಂದರು. ಅವರ ಹೆಸರು ನಾನು ಕೇಳಲಿಲ್ಲ, ಮುಖವೂ ಮರೆತುಹೋಗಿದೆ. ಆದ್ದರಿಂದ ಯಾರನ್ನೂ ದೂರದ ತಾಲ್ಲೂಕಿಗೆ ವರ್ಗ ಮಾಡುವ ಶ್ರಮ ತೆಗೆದುಕೊಳ್ಳಬೇಡಿ.

ಇರಬಹುದು. ತಪಾಸಣೆಗೆ ಒಯ್ಯುತ್ತಿರಬಹುದು. ಪರದೆ ಸರಿಯಾಗಿದೆಯೇ ಎಂದು ರಾತ್ರಿ ಊಟವಾದ ಮೇಲೆ ಕ್ರಿಕೆಟ್ಟು ಹಾಕಿ ಪರೀಕ್ಷೆ ಮಾಡುತ್ತಿರಬಹುದು. ನಾನು ಕಂಡಿಲ್ಲ, ಕಾಣದ್ದನ್ನು ಹೇಳುವುದಿಲ್ಲ. ಆದರೆ ತಪಾಸಣೆ ದಿನಾ ಯಾಕೆ? ಮಳವಳ್ಳಿ, ಮದ್ದೂರು, ಮಂಡ್ಯ ಮೂರು ತಾಲ್ಲೂಕಿನಿಂದ ವಾಪಸು ಬಂದ ಉಳಿದ ಲ್ಯಾಪ್‌ಟಾಪುಗಳು ಯಾರ್ಯಾರ ಮನೆಯಲ್ಲಿ ತಪಾಸಣೆಯಾಗುತ್ತಿವೆ? ನಮಗೆ ಹೊರಲಾರದಷ್ಟು ದೊಡ್ಡದಾದದ್ದು ತಮ್ಮ ಕಾಂಪೌಂಡು ದಾಟಿದ ಕೂಡಲೇ ಕಂಕುಳಿಗೆ ಹಿಡಿಸುವಷ್ಟು ಸಣ್ಣದಾಗುವುದು ಹೇಗೆ? ಚಲುವಮ್ಮನಿಗೆ ನಾನು ಇದ್ಯಾವುದನ್ನೂ ಹೇಳಿರಲಿಲ್ಲ. ಟ್ಯಾಬು ಬರುತ್ತದೆ ಎಂದಷ್ಟೇ ಹೇಳಿದ್ದೆ. ಆಕೆ ಮೊರದಲ್ಲಿ ರಾಗಿ ಕೇರುತ್ತಿದ್ದವರು ತಲೆಯನ್ನೂ ಎತ್ತದೆ, “ದೊಡ್ಡದ್ ಕಿತ್ಕಂಡು ಚಿಕ್ಕದ್ ಕೊಡ್ತಾವ್ರೆ ಅಂದ್ರೆ, ದೊಡ್ಡದು ಯಾರ್ದೋ ಮನೇಲಿ ಕುಂತದೆ ಕಣಮ್ಮ,” ಅಂದರು. ಆಕೆ ಮಂಡ್ಯಕ್ಕೆ ಬಂದು ಯಾವ ಕಾಲವಾಯಿತೋ.

ಈಗ ನನ್ನ ಬೇಡಿಕೆ. ಸುತ್ತೋಲೆಯನ್ನು ರದ್ದು ಮಾಡಿ. ಕುಂಕುಮದ ಕಲೆಯ ಲ್ಯಾಪ್‌ಟಾಪು ಪೂರಿಗಾಲಿಗೆ, ಸ್ವರೂಪನ ಮುಂದಕ್ಕೆ ಹೋಗಲಿ. ವಾಪಸು ಬಂದದ್ದರಲ್ಲಿ ಯಾವುದು ಎಲ್ಲಿದೆ ಎಂದು ಬಹಿರಂಗವಾಗಿ ಹೇಳಿ. ನನ್ನ ಭುಜದ ಬಗ್ಗೆ ಇನ್ನೂ ಚಿಂತೆ ಉಳಿದಿದ್ದರೆ ಗಟ್ಟಿ ಪಟ್ಟಿಯ ಒಂದು ಬ್ಯಾಗು ಕೊಡಿಸಿ, ಸಾಕು. ಸಾಧ್ಯವಾದರೆ ಒಂದು ದಿನ ಮದ್ದೂರಿನಿಂದ ಕೊಪ್ಪದ ಬಸ್ಸು ಹತ್ತಿ. ಸೀಟು ಚಿಕ್ಕಬೋರಯ್ಯನವರು ಹಿಡಿದುಕೊಡುತ್ತಾರೆ. ಲ್ಯಾಪ್‌ಟಾಪು ತಮ್ಮ ತೊಡೆಯ ಮೇಲೆ ಬರುತ್ತದೆ, ಬೇಡ ಅನ್ನುವಂತಿಲ್ಲ.

ಸೋಮವಾರ ನಾನು ಮಂಡ್ಯಕ್ಕೆ ಬರುವುದಿಲ್ಲ. ಸೋಮವಾರ ಗಗನಳ ಪಾಠವಿದೆ. ಶಿಸ್ತುಕ್ರಮ ಕೈಗೊಳ್ಳುವುದಾದರೆ ಕೊಪ್ಪದ ವಿಳಾಸಕ್ಕೆ ಕಳಿಸಿ.

ಮೊನ್ನೆಯ ಪಾಠಕ್ಕೆ ನಾನು ತಮ್ಮ ಸುತ್ತೋಲೆಯನ್ನೇ ಇಟ್ಟೆ. ಪೂರ್ತಿ ಇಡಲಿಲ್ಲ, ಆ ಭಾಷೆ ನನಗೇ ಒಂದೇ ಓದಿಗೆ ತಿಳಿಯುವುದಿಲ್ಲ. ‘ಹೊತ್ತು ತಿರುಗಲು ತೀರಾ ದೊಡ್ಡದು’ ಎಂಬಷ್ಟನ್ನೇ ಹೆಬ್ಬೆರಳುದ್ದ ಮಾಡಿ ತೋರಿಸಿದೆ. ಮಂಡ್ಯದ ಸಾಹೇಬರು ಈ ಲ್ಯಾಪ್‌ಟಾಪಿನ ಬಗ್ಗೆ ಬರೆದದ್ದು ಎಂದೂ ಹೇಳಿದೆ. ಗಗನ ಪರದೆಗೆ ಮೂಗು ತಾಗಿಸಿ, ಬೆರಳಿಟ್ಟುಕೊಂಡು, ತಡವರಿಸುತ್ತ ಓದಿದಳು. ಓದಿ ಮುಗಿಸಿದ ಮೇಲೂ ಬೆರಳು ಕೊನೆಯ ಪದದ ಮೇಲೇ ಇತ್ತು.

“ಯಾರ್ಗೆ ಮಿಸ್?” ಅಂದಳು.

ಸಾಹೇಬರನ್ನೇ ಕೇಳಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಈ ಪತ್ರ ಬರೆದದ್ದೇ ಅದಕ್ಕೆ. ಉತ್ತರವನ್ನು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಕಳಿಸಿ, ಅವಳೇ ಓದಿಕೊಳ್ಳುತ್ತಾಳೆ.

ಇಂತಿ,
ತಮ್ಮ ಸುತ್ತೋಲೆಯ ಪ್ರಕಾರ ಇದನ್ನು ಹೊರಲಾರದ, ನಾಳೆ ಬೆಳಿಗ್ಗೆ ಮತ್ತೆ ಹೊರಲಿರುವ,
ಶೋಭಿತಾ
ಮನೆಪಾಠದ ಟೀಚರು, ಮದ್ದೂರು